ನೀರುಗಂಟಿಯ ನ್ಯಾಯ: ನಿತ್ಯಜೀವನದಲ್ಲಿ ಸಮತೆಯ ಅಭ್ಯಾಸ

ಹಳೆಯ ಮೈಸೂರು ಸೀಮೆಯ ಕೆರೆಯಾಶ್ರಯದ ಊರುಗಳಲ್ಲಿ, ಅದರಲ್ಲಿಯೂ ಕೋಲಾರ ತುಮಕೂರುಗಳ ಬಯಲುಸೀಮೆಯಲ್ಲಿ, ನೀರುಗಂಟಿಗಳೆಂಬ ಗ್ರಾಮಸೇವಕರಿದ್ದರು. ಕೆರೆಯ ತೂಬನ್ನು ಎತ್ತುವುದು, ಇಳಿಸುವುದು, ಕಾಲುವೆಯ ಹೂಳನ್ನೂ ಏರಿಯ ಬಿರುಕನ್ನೂ ನೋಡಿಕೊಳ್ಳುವುದು, ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಸಲ್ಲಬೇಕೆಂದು ನಿಶ್ಚಯಿಸಿ ಹಾಯಿಸುವುದು, ಇವೆಲ್ಲ ಅವರ ವೃತ್ತಿಧರ್ಮವಾಗಿದ್ದುವು. ತೂಬಿನ ಸಮೀಪದ ಗದ್ದೆಗೆ ನೀರು ತಾನಾಗಿಯೇ ಹರಿದುಬರುತ್ತದೆ; ಅಚ್ಚುಕಟ್ಟಿನ ಕೊನೆಯ ಗದ್ದೆಗಾದರೋ ಅದನ್ನು ಯಾರಾದರೂ ನಡಸಿಕೊಂಡು ಹೋಗಬೇಕು. ಮಳೆ ಕಡಮೆಯಾದ ವರ್ಷಗಳಲ್ಲಿ, ಮೇಲುಗದ್ದೆಯ ಒಡೆಯನು ಎಷ್ಟೇ ಪ್ರಬಲನಾಗಿರಲಿ ಸರದಿಯನ್ನು ತಪ್ಪಿಸದೆ, ಇರುಳೆಲ್ಲ ಬದುವಿನ ಮೇಲೆ ನಿಂತು, ಕೊನೆಯ ಗದ್ದೆಯ ಪೈರಿಗೂ ತೇವ ಮುಟ್ಟುವಂತೆ ನೋಡಿಕೊಂಡವರೇ ಒಳ್ಳೆಯ ನೀರುಗಂಟಿಗಳೆನ್ನಿಸಿಕೊಳ್ಳುತ್ತಿದ್ದರು.

ಸಮಾನತೆಗೂ ಸಮತೆಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ದೃಷ್ಟಾಂತ ನನಗೆ ತೋರದು. ಎಲ್ಲರಿಗೂ ಒಂದೇ ಕಾಲುವೆಯನ್ನು ತೆರೆದಿಡುವುದು ಸಮಾನತೆ. ಆ ಕಾಲುವೆಯ ನೀರು ಕೊನೆಯವರಿಗೂ ಮುಟ್ಟಿತೇ ಎಂದು ನಡೆದುಹೋಗಿ ನೋಡುವುದು ಸಮತೆ. ಮೊದಲನೆಯದು ಕಾನೂನಿನಿಂದ ಆಗತಕ್ಕದ್ದು, ಬಹುಮಟ್ಟಿಗೆ ಆಗಿಯೂ ಇದೆ. ಎರಡನೆಯದು ನಮ್ಮ ನಮ್ಮ ಕಾಲುಗಳಿಂದ ಆಗಬೇಕಾದದ್ದು.

ಈ ದೃಷ್ಟಾಂತಕ್ಕೆ ಇನ್ನೊಂದು ಮುಖವೂ ಉಂಟು. ನೀರುಗಂಟಿಗಳು ಅನೇಕ ಊರುಗಳಲ್ಲಿ ಅಸ್ಪೃಶ್ಯವೆಂದು ದೂರವಿಡಲ್ಪಟ್ಟ ಸಮುದಾಯಗಳಿಗೆ ಸೇರಿದವರು. ಊರಿನ ಪೈರಿಗೆಲ್ಲ ನ್ಯಾಯವಾಗಿ ನೀರನ್ನು ಹಂಚಿದ ಆ ಕೈಗಳು ಊರ ಬಾವಿಯಿಂದ ಒಂದು ಕೊಡ ನೀರನ್ನು ಸೇದುವಂತಿರಲಿಲ್ಲ. ಕುಡಿಯುವ ನೀರಿನ ಈ ಹಕ್ಕಿಗಾಗಿಯೇ ಡಾ. ಅಂಬೇಡ್ಕರ್ ಅವರು 1927ರ ಮಾರ್ಚ್ 20ರಂದು ಸಹಸ್ರಾರು ಜನರೊಡನೆ ಮಹಾಡದ ಚೌದಾರ್ ಕೆರೆಗಿಳಿದು ಬೊಗಸೆ ನೀರನ್ನೆತ್ತಿದರು. 1950ರ ಜನವರಿ 26ರಿಂದ ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಒಂದೊಂದಾಗಿ ಹೆಸರಿಸಿ, ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾರನ್ನೂ ಅಲ್ಲಿಂದ ತಡೆಯಕೂಡದೆಂದು ವಿಧಿಸಿತು. ನೀರುಗಂಟಿಗಳಿಗೆ ಬಾವಿಯನ್ನು ನಿಷೇಧಿಸಿದ ಊರಿನವರೆಲ್ಲರೂ ಅವರನ್ನು ದ್ವೇಷಿಸುತ್ತಿದ್ದರೆಂದು ನಾನು ತಿಳಿಯೆನು. ಬಹುಮಂದಿಗೆ ಅದು ರೂಢಿ. ರೂಢಿಯಾದ್ದರಿಂದ ಅದು ಕಣ್ಣಿಗೆ ಬೀಳಲಿಲ್ಲ. ಕಣ್ಣಿಗೆ ಬೀಳದ್ದರಿಂದ ಅದು ಅಷ್ಟು ಕಾಲ ಬದುಕಿತು. ಭೇದವು ರೂಢಿಯಲ್ಲಿ ನೆಲಸಿರುವುದರಿಂದ ಸಮತೆಯನ್ನೂ ರೂಢಿಯನ್ನಾಗಿಯೇ ಮಾಡಿಕೊಳ್ಳಬೇಕು ಎಂಬುದೇ ಈ ಲೇಖನದ ಅಭಿಪ್ರಾಯ. ಅದನ್ನು ಮಾಡಿಕೊಳ್ಳುವ ಬಗೆಯನ್ನು ಮನೆಯಿಂದ ಮೊದಲುಗೊಂಡು ಹೇಳುತ್ತೇನೆ.

ಮನೆಯಲ್ಲಿ: ಲೋಟ, ವಚನ, ಬಣ್ಣ

ನಮ್ಮ ಅಜ್ಜಿಯ ಮನೆಯ ಜಗಲಿಯ ಗೋಡೆಯಲ್ಲಿ ಒಂದು ಗೂಡು, ಆ ಗೂಡಿನಲ್ಲಿ ಬೋರಲು ಹಾಕಿದ ಒಂದು ಲೋಟ ಇರುತ್ತಿತ್ತು. ತೋಟದ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರಿಗೆ, ಮಕ್ಕಳಾದ ನಾವೂ ಏಕವಚನದಲ್ಲಿಯೇ ಕೂಗಿ ಕರೆಯುತ್ತಿದ್ದ ಅವರಿಗೆ, ಅದರಲ್ಲಿ ಕಾಫಿಯನ್ನು ಮೇಲಿನಿಂದ ಹೊಯ್ಯುವುದು; ಅವರು ಅಂಗಳದ ಅಂಚಿನಲ್ಲಿ ನಿಂತು ಕುಡಿದು, ತಾವೇ ತೊಳೆದು, ಅಲ್ಲಿಯೇ ಬೋರಲಿಟ್ಟು ಹೋಗುವುದು. ಅಜ್ಜಿ ನಿಷ್ಕರುಣಿಯಲ್ಲ, ಅವರ ಮಗಳ ಬಾಣಂತನಕ್ಕೆ ಬೆಲ್ಲ ತುಪ್ಪಗಳನ್ನು ಕಟ್ಟಿ ಕಳುಹಿದವರು. ಕರುಣೆಯೂ ಆ ಲೋಟವೂ ಒಂದೇ ಮನೆಯಲ್ಲಿ ನೆಮ್ಮದಿಯಾಗಿದ್ದುವೆಂಬುದೇ ನಾವು ಯೋಚಿಸಬೇಕಾದ ಸಂಗತಿ.

ಆದ್ದರಿಂದ ಮೊದಲನೆಯ ಕೆಲಸ, ನಮ್ಮ ಮನೆಯ ‘ಬೇರೆ ಲೋಟ’ ಯಾವುದೆಂದು ಹುಡುಕುವುದು. ಮನೆಗೆಲಸದವರಿಗೆ ಮೀಸಲಾದ ತಟ್ಟೆ, ನೆಲದ ಮೇಲಷ್ಟೇ ಕುಳಿತುಕೊಳ್ಳಬೇಕೆಂಬ ಹೇಳದ ನಿಯಮ, ಅಡುಗೆಗೆ ಒಗ್ಗಿದ ಕೈಗೆ ದೇವರ ಕೋಣೆ ಒಗ್ಗದೆಂಬ ಎಣಿಕೆ, ವಸತಿಸಮುಚ್ಚಯಗಳಲ್ಲಿ ಕೆಲಸದವರಿಗೆ ಪ್ರತ್ಯೇಕವಾದ ಲಿಫ್ಟು, ನಿನ್ನೆಯ ಅನ್ನವನ್ನು ಕೊಟ್ಟು ದಾನವೆಂದುಕೊಳ್ಳುವುದು, ಇವೆಲ್ಲ ಆ ಲೋಟದ ರೂಪಾಂತರಗಳು. ಒಂದು ದಿನ ಕುಳಿತು ಇವನ್ನು ಪಟ್ಟಿಮಾಡಿ. ಬಳಿಕ ಒಂದೊಂದನ್ನಾಗಿ ನಿಲ್ಲಿಸಿ. ಕೆಲಸದವರಿಗೆ ವಾರಕ್ಕೊಂದು ದಿನದ ವಿರಾಮ, ನಿಶ್ಚಿತ ದಿನಾಂಕದ ಸಂಬಳ, ಹಬ್ಬಕ್ಕೂ ಕಾಯಿಲೆಗೂ ಕಡಿತವಿಲ್ಲದ ರಜೆ, ಇವನ್ನು ಉಪಕಾರವೆಂದು ಭಾವಿಸದೆ ಕರಾರಿನ ಅಂಗವೆಂದು ನಡಸಿ.

ಎರಡನೆಯದು ವಚನ. ಕನ್ನಡವು ‘ಬಾ’ ಎಂಬುದಕ್ಕೂ ‘ಬನ್ನಿ’ ಎಂಬುದಕ್ಕೂ ನಡುವೆ ಬಹು ಸೂಕ್ಷ್ಮವಾದ ಒಂದು ತಕ್ಕಡಿಯನ್ನಿಟ್ಟುಕೊಂಡಿರುವ ಭಾಷೆ. ಸಲಿಗೆಯ ಏಕವಚನ ಮಧುರವಾದದ್ದು. ದೇವರನ್ನೂ ತಾಯಿಯನ್ನೂ ನಾವು ಏಕವಚನದಲ್ಲಿ ಕರೆಯುತ್ತೇವೆ. ಆದರೆ ವಯಸ್ಸಿನಲ್ಲಿ ತಂದೆಗೆ ಸಮಾನರಾದ ಪೌರಕಾರ್ಮಿಕರನ್ನೂ ಆಟೋ ಚಾಲಕರನ್ನೂ ಕಾವಲುಗಾರರನ್ನೂ ‘ಏನಯ್ಯಾ’ ಎನ್ನುವ ನಾಲಗೆಯೇ, ಇಪ್ಪತ್ತೈದರ ಅಧಿಕಾರಿಯ ಮುಂದೆ ‘ತಾವು’ ಎನ್ನುವುದಾದರೆ, ಅಲ್ಲಿ ತೂಗುತ್ತಿರುವುದು ಸಲಿಗೆಯಾಗಿರದೆ ಅಂತಸ್ತಾಗಿರುತ್ತದೆ. ಪರಿಚಯವಿಲ್ಲದವರೆಲ್ಲರಿಗೂ ಬಹುವಚನ, ಹೆಸರು ತಿಳಿದವರಿಗೆ ಹೆಸರಿನೊಡನೆ ‘ಅವರು’, ಎಂಬ ಒಂದೇ ನಿಯಮವನ್ನು ಮನೆಯಲ್ಲಿ ಪಾಲಿಸಿ. ಮಕ್ಕಳು ಅದನ್ನು ಉಪದೇಶವಿಲ್ಲದೆ ಕಲಿತುಕೊಳ್ಳುತ್ತಾರೆ. ಜಾತಿಯೊಂದರ ಹೆಸರನ್ನಾಗಲಿ ಅಂಗವೈಕಲ್ಯವನ್ನಾಗಲಿ ಬೈಗುಳವಾಗಿ ಬಳಸುವ ಮಾತುಗಳನ್ನು ಮನೆಯಿಂದ ಪೂರ್ತಿಯಾಗಿ ಬಿಡಿಸಬೇಕು. ಗಾದೆಯ ವೇಷದಲ್ಲಿ ಬಂದರೂ ಅವು ಬೈಗುಳಗಳೇ.

ಮೂರನೆಯದು ಬಣ್ಣ. ಮದುವೆಯ ಜಾಹೀರಾತುಗಳಲ್ಲಿ ‘ಬೆಳ್ಳಗಿರುವ ವಧು’ವಿನ ಬೇಡಿಕೆಯನ್ನು, ‘ಬಣ್ಣ ಕಡಮೆಯಾದರೂ ಲಕ್ಷಣವಾಗಿದ್ದಾಳೆ’ ಎಂಬ ಪ್ರಶಂಸೆಯನ್ನು ನಾವು ಸಹಜವೆಂಬಂತೆ ಆಡುತ್ತೇವೆ. ಕರಿಮಣ್ಣಿನಲ್ಲಿ ಜೋಳ ಹತ್ತಿಗಳನ್ನು ಬೆಳೆದು ಉಂಡು ಉಟ್ಟ ನಾಡು ನಮ್ಮದು; ಕರಿಮಣಿಯನ್ನು ಕೊರಳಲ್ಲಿ ಮಾಂಗಲ್ಯವೆಂದು ಧರಿಸುವ ಮನೆಗಳು ನಮ್ಮವು. ಮಣ್ಣಿನಲ್ಲಿ ಸಮೃದ್ಧಿಯೂ ಮಣಿಯಲ್ಲಿ ಸೌಭಾಗ್ಯವೂ ಆದ ವರ್ಣವು ಮಗುವಿನ ಮುಖದಲ್ಲಿ ಮಾತ್ರ ಕೊರತೆಯಾಗುವುದು ಹೇಗೆ? ಮಕ್ಕಳ ಬಣ್ಣವನ್ನು ಹೊಗಳುವುದನ್ನೂ ತೆಗಳುವುದನ್ನೂ ಬಂಧುಬಳಗದಲ್ಲಿ ನಿಲ್ಲಿಸಿರಿ. ಆಫ್ರಿಕದಿಂದ ಬಂದವರನ್ನು ಬೀದಿಯಲ್ಲಿ ಕಂಡು ನಗುವ ಮನಸ್ಸು ಮೊದಲು ಸಿದ್ಧವಾಗುವುದು ತೊಟ್ಟಿಲ ಸುತ್ತ ನಿಂತು ಆಡುವ ಈ ಮಾತುಗಳಲ್ಲಿ.

ನೆರೆಯಲ್ಲಿ: ‘ನೀವು ಯಾವ ಕಡೆಯವರು?’

ಬಾಡಿಗೆಯ ಮನೆಯನ್ನು ಹುಡುಕಿ ಹೊರಟವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಊರನ್ನು ಕೇಳಿದಂತೆ ಮೊದಲಾಗುವ ವಿಚಾರಣೆ, ತಂದೆಯ ಹೆಸರು, ಮನೆದೇವರು, ಊಟದ ಪದ್ಧತಿ ಎಂದು ಸುತ್ತಿ ಬಳಸಿ ಜಾತಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಉತ್ತರ ಒಪ್ಪಿಗೆಯಾಗದಿದ್ದರೆ ‘ಮನೆ ನಿನ್ನೆಯೇ ಕೊಟ್ಟಾಯಿತು’ ಎಂಬ ಮಾತಿನಲ್ಲಿ ಮುಗಿಯುತ್ತದೆ. ಮನೆಯ ಒಡೆಯರಾದವರು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಎಷ್ಟು ಮಂದಿ ಇರುವಿರಿ, ಉದ್ಯೋಗವೇನು, ಬಾಡಿಗೆಯನ್ನು ಯಾವ ದಿನ ಕೊಡುವಿರಿ, ಎಷ್ಟು ಕಾಲ ಇರುವಿರಿ. ಇವನ್ನು ಬರೆದಿಟ್ಟುಕೊಂಡು, ಬಂದವರೆಲ್ಲರಿಗೂ ಇವಿಷ್ಟನ್ನೇ ಕೇಳಿ. ಬಾಡಿಗೆದಾರರನ್ನು ಕರೆತರುವ ದಲ್ಲಾಳಿಗೂ ಹಾಗೆಯೇ ಸ್ಪಷ್ಟವಾಗಿ ತಿಳಿಸಿ. ಏಕೆಂದರೆ ಒಡೆಯರು ಹೇಳದ ಷರತ್ತನ್ನು ದಲ್ಲಾಳಿ ತಾನೇ ಊಹಿಸಿಕೊಂಡು ನಡಸುವುದುಂಟು.

ಅಸ್ಸಾಂ, ಅರುಣಾಚಲ, ಮಣಿಪುರ, ಮೇಘಾಲಯ, ಮಿಜೋರಾಂ, ನಾಗಾಲ್ಯಾಂಡ್, ತ್ರಿಪುರ, ಸಿಕ್ಕಿಂ ಎಂಬ ಎಂಟು ರಾಜ್ಯಗಳಿಂದ ಓದಿಗೂ ದುಡಿಮೆಗೂ ಬಂದವರು ಇಂದು ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಇದ್ದಾರೆ. 2012ರ ಆಗಸ್ಟ್‌ನಲ್ಲಿ, ಮೊಬೈಲಿನಲ್ಲಿ ಹರಡಿದ ಗಾಳಿಸುದ್ದಿಗಳಿಗೆ ಹೆದರಿ, ಇವರಲ್ಲಿ ಸಾವಿರಾರು ಮಂದಿ ಕೈಗೆ ಸಿಕ್ಕಿದ ಚೀಲವನ್ನು ಹಿಡಿದು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ಗಾಡಿಗೆ ನೆರೆದರು. ಸುದ್ದಿ ಸುಳ್ಳಾಗಿತ್ತು, ಆದರೆ ಅದನ್ನು ನಂಬುವಷ್ಟು ಅವರ ಮನಸ್ಸು ಅಳುಕಿತ್ತೆಂಬುದು ಸುಳ್ಳಾಗಿರಲಿಲ್ಲ, ಮತ್ತು ಆ ಅಳುಕನ್ನು ದಿನದಿನವೂ ಬೆಳೆಸಿದ್ದು ನಮ್ಮ ಬೀದಿಗಳಲ್ಲಿ ಅವರ ಮುಖವನ್ನು ನೋಡಿ ಕೂಗುವ ಅಡ್ಡಹೆಸರುಗಳು. 2014ರ ಜನವರಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ದೆಹಲಿಯಲ್ಲಿ, ತಲೆಗೂದಲಿನ ಬಗೆಗಿನ ಅಣಕದಿಂದ ಮೊದಲಾದ ಜಗಳದಲ್ಲಿ ಪೆಟ್ಟುತಿಂದು ತೀರಿಕೊಂಡರು. ಅನಂತರ ಕೇಂದ್ರ ಸರಕಾರ ನೇಮಿಸಿದ ಬೇಜ್‌ಬರುವಾ ಸಮಿತಿಯು, ಕಾನೂನಿನ ತಿದ್ದುಪಡಿಯ ಜೊತೆಗೆ, ಈಶಾನ್ಯದ ಚರಿತ್ರೆ ಸಂಸ್ಕೃತಿಗಳು ಪಠ್ಯಗಳಲ್ಲಿ ಬರಬೇಕೆಂದೂ ಸಲಹೆಮಾಡಿತು. ಅಣಕವು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದಕ್ಕೆ ಆ ಸಾವಿಗಿಂತ ಬೇರೆ ನಿದರ್ಶನ ಬೇಕಿಲ್ಲ.

ಒಬ್ಬರ ತಪ್ಪನ್ನು ಆ ಬಣ್ಣದವರೆಲ್ಲರ ಮೇಲೆ ಹೊರಿಸುವುದು ಜನಾಂಗಭೇದದ ಇನ್ನೊಂದು ಲಕ್ಷಣ. 2016ರ ಆರಂಭದಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ದೇಶದವರೊಬ್ಬರ ಕಾರಿಗೆ ಸಿಕ್ಕಿ ಸ್ಥಳೀಯ ಮಹಿಳೆಯೊಬ್ಬರು ಮೃತರಾದರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯದ ವಿದ್ಯಾರ್ಥಿನಿಯೊಬ್ಬರ ಮೇಲೆ ಗುಂಪು ಕೈಮಾಡಿತು. ಗುಂಪಿಗೆ ದೇಶ ಬೇಕಿರಲಿಲ್ಲ, ಹೆಸರು ಬೇಕಿರಲಿಲ್ಲ; ಬಣ್ಣವೊಂದು ಸಾಕಾಗಿತ್ತು. ಆಫ್ರಿಕದ ಮೂಲವಾದರೋ ನಮಗೆ ಹೊರಗಿನದೇ ಅಲ್ಲ. ಪೋರ್ಚುಗೀಸರೂ ಅರಬ್ಬರೂ ಗುಲಾಮರನ್ನಾಗಿ ತಂದ ಆಫ್ರಿಕದವರ ಸಂತತಿಯಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಿನಂಚಿನಲ್ಲಿ ತಲೆಮಾರುಗಳಿಂದ ಕನ್ನಡ ಕೊಂಕಣಿಗಳನ್ನಾಡುತ್ತ, ಡಮಾಮಿಯನ್ನು ಬಾರಿಸಿ ಕುಣಿಯುತ್ತ ಬಾಳುತ್ತಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಅವರಲ್ಲಿ ಒಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಹೀಗಿದ್ದೂ ‘ನೀವು ಯಾವ ದೇಶದವರು?’ ಎಂದು ಕನ್ನಡನಾಡಿನಲ್ಲಿಯೇ ಕೇಳಿಸಿಕೊಳ್ಳುವ ಗತಿ ಅವರಿಗೆ ಬಂದಿದೆ. ಆದ್ದರಿಂದ ಅಭ್ಯಾಸ ಮಾಡಿಕೊಳ್ಳತಕ್ಕದ್ದು ಇಷ್ಟು: ಮುಖವನ್ನು ನೋಡಿ ದೇಶವನ್ನು ಊಹಿಸದಿರುವುದು, ಅಪರಿಚಿತರ ಕೂದಲನ್ನಾಗಲಿ ಉಡುಪನ್ನಾಗಲಿ ಮುಟ್ಟಿ ನೋಡದಿರುವುದು, ಒಪ್ಪಿಗೆಯಿಲ್ಲದೆ ಚಿತ್ರ ತೆಗೆಯದಿರುವುದು, ನೆರೆಮನೆಗೆ ಬಂದವರ ಅಡುಗೆಯ ವಾಸನೆ ಹೊಸದಾದರೆ ದೂರುವುದಕ್ಕೆ ಮುನ್ನ ಅವರ ಊಟದ ಹೆಸರನ್ನು ಕೇಳಿ ತಿಳಿಯುವುದು, ಗಾಳಿಸುದ್ದಿ ಕೈಗೆ ಬಂದಾಗ ಅದನ್ನು ಮುಂದಕ್ಕೆ ಕಳುಹಿಸದೆ ನಿಲ್ಲಿಸಿ, ನೆರೆಯವರ ಬಾಗಿಲಿಗೆ ಹೋಗಿ ‘ನಾವಿದ್ದೇವೆ’ ಎಂದು ಹೇಳುವುದು.

ಉದ್ಯೋಗದಲ್ಲಿ: ಕೊನೆಯ ಗದ್ದೆಯನ್ನು ನೋಡುವ ಬಗೆ

ಕಚೇರಿ, ಕಾರ್ಖಾನೆ, ಅಂಗಡಿ, ಯಾವುದೇ ಆಗಲಿ, ಸಮತೆಯ ಪರೀಕ್ಷೆ ನೇಮಕದಲ್ಲಿ ಮೊದಲಾಗುತ್ತದೆ. ಕೆಲಸಕ್ಕೆ ಆಳು ಬೇಕಾದಾಗ ‘ಗೊತ್ತಿರುವವರು ಯಾರಾದರೂ ಇದ್ದಾರೆಯೇ’ ಎಂದು ಬಾಯಿಮಾತಿನಲ್ಲಿ ಹುಡುಕಿದರೆ, ಗೊತ್ತಿರುವವರೆಲ್ಲ ನಮ್ಮಂಥವರೇ ಆಗಿರುವುದರಿಂದ, ಬರುವವರೂ ನಮ್ಮಂಥವರೇ ಆಗಿರುತ್ತಾರೆ. ನೀರು ಮೇಲುಗದ್ದೆಯಲ್ಲಿಯೇ ಸುತ್ತುತ್ತದೆ. ಹುದ್ದೆಯನ್ನು ಬಹಿರಂಗವಾಗಿ ಪ್ರಕಟಿಸಿ. ಅರ್ಜಿಗಳನ್ನು ಮೊದಲು ಓದುವಾಗ ಹೆಸರು, ಊರುಗಳನ್ನು ಮರೆಮಾಡಿ; ನಮ್ಮಲ್ಲಿ ಹೆಸರೇ ಜಾತಿಯನ್ನೂ ಧರ್ಮವನ್ನೂ ಕೂಗಿ ಹೇಳುತ್ತದೆ. ಸಂದರ್ಶನಕ್ಕೆ ಬಂದವರೆಲ್ಲರಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳಿ. ಅಂಕವನ್ನು ಆಗಲೇ ಬರೆದಿಟ್ಟು, ಆಮೇಲೆ ಚರ್ಚಿಸಿ. ‘ಮದುವೆಯಾದ ಮೇಲೆ ಕೆಲಸ ಬಿಡುವಿರಾ’ ಎಂದು ಗಂಡಸರನ್ನು ಕೇಳದಿದ್ದರೆ ಹೆಂಗಸರನ್ನೂ ಕೇಳಕೂಡದು. ಇಂಗ್ಲಿಷಿನ ನಿರರ್ಗಳತೆಯನ್ನು ಬುದ್ಧಿಯ ಪ್ರಮಾಣವೆಂದು ಎಣಿಸಬೇಡಿ. ಹಳ್ಳಿಯ ಸರಕಾರಿ ಶಾಲೆಯಿಂದ ಬಂದವರೂ ಅದನ್ನು ಕಲಿಯಬಲ್ಲರು.

ನೇಮಕವಾದ ಮೇಲೆ ನೋಡಬೇಕಾದದ್ದು ದಿನದ ನಡವಳಿಕೆ. ಸಭೆಯಲ್ಲಿ ಯಾರು ಮಾತನಾಡುತ್ತಾರೆ, ಯಾರ ಮಾತನ್ನು ನಡುವೆ ತಡೆಯಲಾಗುತ್ತದೆ, ಟಿಪ್ಪಣಿ ಬರೆಯುವ, ಚಹಾ ತರಿಸುವ ಕೆಲಸ ಯಾರ ಪಾಲಿಗೆ ತಾನಾಗಿ ಹೋಗುತ್ತದೆ, ಇವನ್ನು ಒಂದು ತಿಂಗಳು ಗುರುತುಹಾಕಿಕೊಂಡು ನೋಡಿ. ಅನಂತರ ಆ ಕೆಲಸಗಳಿಗೆ ಸರದಿಯನ್ನು ಗೊತ್ತುಮಾಡಿ. ಒಂದೇ ಕೆಲಸಕ್ಕೆ ಒಂದೇ ವೇತನ ಸಲ್ಲುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಲೆಕ್ಕವನ್ನು ಪರಿಶೀಲಿಸಿ. ಕಟ್ಟಡಕ್ಕೆ ಮೆಟ್ಟಿಲೊಂದೇ ದಾರಿಯಾಗಿದ್ದರೆ ಗಾಲಿಕುರ್ಚಿಯವರಿಗೆ ಅದು ಗೋಡೆಯೇ ಸರಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರೆಂಬುದು ಒಪ್ಪಿತವಾದ ಪ್ರಮಾಣ, ಅದಕ್ಕಿಂತ ಕಡಿದಾದದ್ದು ಬರಿಯ ಕಣ್ಣೊರಸುವ ತಂತ್ರ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅವುಗಳಲ್ಲಿ ಎಷ್ಟೋ ಹೊರಗಣ್ಣಿಗೆ ಕಾಣವು, ಆದ್ದರಿಂದ ‘ನೋಡಿದರೆ ಚೆನ್ನಾಗಿಯೇ ಇದ್ದಾರಲ್ಲ’ ಎಂಬ ಮಾತನ್ನು ಆಡಬಾರದು. ಹತ್ತು ಅಥವಾ ಹೆಚ್ಚು ಮಂದಿ ಇರುವ ಕೆಲಸದ ಸ್ಥಳದಲ್ಲಿ, ಲೈಂಗಿಕ ಕಿರುಕುಳದ ದೂರನ್ನು ಕೇಳಲು 2013ರ ಕಾನೂನಿನಂತೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸ್ಥಳದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಮಿತಿಯ ಸದಸ್ಯರ ಹೆಸರನ್ನು ಎಲ್ಲರಿಗೂ ಕಾಣುವ ಗೋಡೆಯಲ್ಲಿ ಹಾಕಿ.

ಕಚೇರಿಯನ್ನೂ ಚರಂಡಿಯನ್ನೂ ಶುಚಿಮಾಡುವವರ ಕುರಿತು ಒಂದು ಮಾತು. ಮಲವನ್ನು ತಲೆಯ ಮೇಲೆ ಹೊರುವ ಅಮಾನುಷ ಪದ್ಧತಿಯನ್ನು ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು, 2013ರ ಕಾನೂನು ಇಡೀ ದೇಶದಲ್ಲಿ ಮನುಷ್ಯರನ್ನು ಮಲ ಬಳಿಯಲು ನೇಮಿಸುವುದನ್ನೂ, ರಕ್ಷಣೆಯಿಲ್ಲದೆ ಒಳಚರಂಡಿಗೆ ಇಳಿಸುವುದನ್ನೂ ಅಪರಾಧವೆಂದು ಸಾರಿತು. ನಿಮ್ಮ ವಸತಿಸಮುಚ್ಚಯದ ಗುಂಡಿ ಕಟ್ಟಿಕೊಂಡಾಗ, ಕಡಮೆ ಹಣಕ್ಕೆ ಒಬ್ಬರನ್ನು ಒಳಗಿಳಿಸೋಣವೆಂಬ ಸಲಹೆ ಬಂದರೆ, ಅದನ್ನು ಆ ಕ್ಷಣವೇ ತಡೆಯಿರಿ. ಯಂತ್ರದ ಗಾಡಿಯನ್ನು ಕರೆಸಿರಿ. ಇಲ್ಲಿ ಸುಮ್ಮನಿರುವುದಕ್ಕೆ ಒಂದು ಪ್ರಾಣದ ಬೆಲೆಯುಂಟು.

ಮೀಸಲಾತಿಯ ಮಾತು ಬಂದಾಗ ಸಹೋದ್ಯೋಗಿಗಳ ಯೋಗ್ಯತೆಯನ್ನು ಹಿಂದಿನಿಂದ ತೂಗುವ ಚಾಳಿ ವಿದ್ಯಾವಂತರಲ್ಲಿ ಹೆಚ್ಚು. ಮೈಸೂರು ಸಂಸ್ಥಾನದ ಹುದ್ದೆಗಳಲ್ಲಿ ಎಲ್ಲ ಸಮುದಾಯಗಳಿಗೂ ಪಾಲಿರಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿಯೇ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದರೆಂಬುದನ್ನು ಇಂಥವರು ನೆನೆಯಬೇಕು. 2021ರಲ್ಲಿ ಕರ್ನಾಟಕವು ಸರಕಾರಿ ಸೇವೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರ ಮೀಸಲನ್ನು ನೀಡಿದ್ದು ಅದೇ ಕಾಲುವೆಯ ಮುಂದುವರಿಕೆ. ಕೊನೆಯ ಗದ್ದೆಗೆ ನೀರು ಹಾಯಿಸಿದರೆ ಅದು ಕೊನೆಯ ಗದ್ದೆಯ ದೋಷವೆಂದು ಯಾವ ರೈತನೂ ಹೇಳುವುದಿಲ್ಲ.

ಅನ್ಯಾಯ ಕಣ್ಣೆದುರಿಗೆ ನಡೆದಾಗ

ಅಂಥ ಸಮಯದಲ್ಲಿ ಬಾಯಿ ಬರುವುದಿಲ್ಲ. ಆದ್ದರಿಂದ ಮಾತನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಬೇಕು. ಗೆಳೆಯರ ಗೋಷ್ಠಿಯಲ್ಲಿ ಜಾತಿಯ ಅಥವಾ ಬಣ್ಣದ ಅಣಕ ಬಂದರೆ, ನಗದೆ, ‘ಈ ಮಾತು ನನಗೆ ಹಿಡಿಸಲಿಲ್ಲ, ಬಿಟ್ಟುಬಿಡಿ’ ಎನ್ನುವುದು ಸಾಕು. ಹಿರಿಯರು ಆಡಿದರೆ, ಎಲ್ಲರೆದುರಿಗೆ ನಾಚಿಸದೆ, ಆಮೇಲೆ ಪ್ರತ್ಯೇಕವಾಗಿ, ವಿನಯದಿಂದಲೇ ತಿಳಿಸುವುದು ಲೇಸು. ಬೀದಿಯಲ್ಲಿ ಯಾರನ್ನಾದರೂ ಪೀಡಿಸುತ್ತಿದ್ದರೆ, ಪೀಡಿಸುವವರೊಡನೆ ವಾದಕ್ಕಿಳಿಯುವುದಕ್ಕಿಂತ ಪೀಡಿತರ ಪಕ್ಕಕ್ಕೆ ಹೋಗಿ ನಿಂತು ಮಾತನಾಡಿಸಿ. ಜೊತೆಗೆ ಇನ್ನಿಬ್ಬರನ್ನು ಕರೆಯಿರಿ. ಅಪಾಯವೆನ್ನಿಸಿದರೆ 112ಕ್ಕೆ ಕರೆಮಾಡಿ. ಮುಂದೆ ಏನು ಮಾಡಬೇಕೆಂಬುದನ್ನು ಪೀಡಿತರನ್ನೇ ಕೇಳಿ.

ಪರಿಶಿಷ್ಟ ಜಾತಿ ಪಂಗಡಗಳ ಮೇಲಿನ ದೌರ್ಜನ್ಯಕ್ಕೆ 1989ರ ವಿಶೇಷ ಕಾನೂನಿದೆ. ದೂರನ್ನು ದಾಖಲಿಸುವುದಕ್ಕೆ ಮೊದಲು ಪ್ರಾಥಮಿಕ ವಿಚಾರಣೆ ನಡೆಯಲೇಬೇಕೆಂಬ ನಿರ್ಬಂಧ ಅದರಲ್ಲಿಲ್ಲ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14566. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೂ ಇದೆ. ಪರಿಶಿಷ್ಟರಿಗೂ ಮಹಿಳೆಯರಿಗೂ ವಿಕಲಚೇತನರಿಗೂ ಉಚಿತ ಕಾನೂನು ನೆರವು ದೊರೆಯತಕ್ಕದ್ದು. ಅದರ ಸಂಖ್ಯೆ 15100. ಘಟನೆಯ ದಿನ, ಹೊತ್ತು, ಸ್ಥಳ, ಆಡಿದ ಮಾತು, ಕಂಡವರ ಹೆಸರು, ಇವನ್ನು ಅಂದೇ ಬರೆದಿಡಿ. ಸಾಕ್ಷಿಯಾಗಿ ನಿಲ್ಲಲು ಒಪ್ಪುವುದೇ ಎಷ್ಟೋ ವೇಳೆ ನಾವು ಮಾಡಬಹುದಾದ ಅತಿದೊಡ್ಡ ಸಹಾಯ.

ತಪ್ಪು ನಮ್ಮದೇ ಆಗಿದ್ದರೆ? ‘ನಾನು ಹಾಗೆಂದುಕೊಂಡು ಹೇಳಲಿಲ್ಲ’ ಎಂಬ ಸಮರ್ಥನೆ ಎಲ್ಲರ ನಾಲಗೆಗೂ ಮೊದಲು ಬರುತ್ತದೆ. ಅದನ್ನು ನುಂಗಿಕೊಂಡು, ಕೇಳಿ, ‘ತಪ್ಪಾಯಿತು, ಇನ್ನು ಹೀಗೆ ಮಾಡುವುದಿಲ್ಲ’ ಎಂದು ಹೇಳಿ ಅಲ್ಲಿಗೆ ನಿಲ್ಲಿಸಬೇಕು; ನೊಂದವರೇ ನಮ್ಮನ್ನು ಸಮಾಧಾನಪಡಿಸುವ ಪ್ರಸಂಗವನ್ನು ತರಬಾರದು. ಕೂಡಲೇ ಕ್ಷಮೆ ಸಿಗದಿದ್ದರೆ ಅದನ್ನೂ ಒಪ್ಪಿಕೊಳ್ಳಬೇಕು.

ಹೀಗೆ ಒಪ್ಪಿಕೊಂಡು ಕಾದವರಲ್ಲಿ ನಾನು ಬಲ್ಲವರು ನನ್ನ ತಾಯಿ. ಅಜ್ಜಿ ತೀರಿಕೊಂಡ ಮರುವರ್ಷ ಅಮ್ಮ ಒಂದು ಬೆಳಗ್ಗೆ ಗೂಡಿನ ಆ ಲೋಟವನ್ನು ಒಳಕ್ಕೆ ತಂದು, ಉಳಿದ ಲೋಟಗಳೊಡನೆ ಬೆಳಗಿ, ಅವುಗಳ ಬುಟ್ಟಿಯಲ್ಲಿಯೇ ಹಾಕಿದರು. ತೋಟದ ಹಿರಿಯರಿಗೆ ‘ಜಗಲಿ ಮೇಲೆ ಕೂತ್ಕೊಳ್ಳಿ’ ಎಂದು ಹೇಳಿ, ಕೈಗೆ ಸಿಕ್ಕಿದ ಲೋಟದಲ್ಲಿ ಕಾಫಿಯನ್ನು ಕೈಗೇ ಕೊಟ್ಟರು. ಅವರು ಕುಳಿತುಕೊಳ್ಳಲಿಲ್ಲ. ನಿಂತೇ ಕುಡಿದು, ಎಂದಿನಂತೆ ತೊಳೆದು, ಲೋಟವನ್ನು ಆ ಗೂಡಿನಲ್ಲಿಯೇ ಬೋರಲಿಟ್ಟು ಹೋದರು. ಒಂದು ಆಯುಷ್ಯದ ರೂಢಿಯನ್ನು ಒಂದು ಬೆಳಗಿನ ಸೌಜನ್ಯ ಅಳಿಸಲಾರದೆಂಬುದನ್ನು ಅಮ್ಮ ಅರಿತಿದ್ದರು. ಮಾತಾಡಲಿಲ್ಲ, ಒತ್ತಾಯಿಸಲಿಲ್ಲ, ನೊಂದುಕೊಳ್ಳಲೂ ಇಲ್ಲ. ಪ್ರತಿದಿನ ಗೂಡಿನಿಂದ ಲೋಟವನ್ನು ಒಳಕ್ಕೆ ತಂದು ಬುಟ್ಟಿಗೆ ಹಾಕುವುದು, ಮರುದಿನ ಬೇರೊಂದರಲ್ಲಿ ಕಾಫಿ ಕೊಡುವುದು, ಹೀಗೆಯೇ ಎರಡು ಮಳೆಗಾಲಗಳು ಕಳೆದುವು. ಅದಾದ ಮೇಲೆ ಒಂದು ದಿನ, ಅಡಕೆ ಕೊಯ್ಲಿನ ನಡುವೆ, ಅವರು ಜಗಲಿಯ ಅಂಚಿಗೆ ಕುಳಿತು ಕಾಫಿ ಕುಡಿದು, ತೊಳೆಯದ ಲೋಟವನ್ನು ಅಮ್ಮನ ಕೈಗೆ ಕೊಟ್ಟರು.